ಸ್ಟೇಷನ್ ಎದುರು ಮಲಗಿದವರಿಗೆ ಹಾಸಿಗೆ ಕೊಡಬೇಕಾದವರು ಯಾರು?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕ. ಮಗಳು ಭೌತಶಾಸ್ತ್ರದ ಸಂಶೋಧನೆಗೆಂದು ಇಟಲಿಯ ಟ್ರಿಯೆಸ್ತೆಗೆ ಹೋಗಿದ್ದಾಳೆ. ಅಲ್ಲಿನ ರೈಲ್ವೆ ಸ್ಟೇಷನ್ ಎದುರು ದಿನಾ ಸಂಜೆ ಅಫ್ಘಾನಿಸ್ತಾನ, ಪಾಕಿಸ್ತಾನದ ಹುಡುಗರು ಗುಂಪುಗುಂಪಾಗಿ ಕೂತಿರುತ್ತಾರಂತೆ. ಚಳಿಯಲ್ಲೂ ಹೊರಗೇ ಮಲಗುತ್ತಾರಂತೆ. ಸರ್ಕಾರ ಅವರಿಗೆ ಜಾಗ ಕೊಡಬೇಕು ಎಂಬ ಕಾನೂನು ಇದೆ ಅನ್ನುತ್ತಾಳೆ. ಇದ್ದರೆ ಹೊರಗೆ ಯಾಕೆ ಮಲಗುತ್ತಾರೆ? ಅಷ್ಟೊಂದು ದೇಶ ದಾಟಿ ಅಲ್ಲಿಗೇ ಯಾಕೆ ಬರುತ್ತಾರೆ? ಇವಳು ಹೋಗಿ ಸಹಾಯ ಮಾಡಿದರೆ ವೀಸಾಕ್ಕೆ ತೊಂದರೆ ಆಗುತ್ತದಾ? ಇನ್ನೊಂದು ವಿಷಯ. ಇದನ್ನು ಪಕ್ಕದ ಮನೆಯವರ ಹತ್ತಿರ ಹೇಳಿದೆ. ಅವರದು ಶರಾವತಿ ಮುಳುಗಡೆ ಕುಟುಂಬ. “ಸ್ವಂತ ದೇಶದಲ್ಲೇ ನಮಗೆ ಹಕ್ಕುಪತ್ರ ಸಿಕ್ಕಿಲ್ಲ. ಯಾರದೋ ದೇಶಕ್ಕೆ ನುಗ್ಗಿದವರಿಗೆ ಹಾಸಿಗೆ ಕೊಡಬೇಕಾ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಮೇಡಂ, ನೀವು ಹೇಳಿ.

ಉತ್ತರ: ಮೇಷ್ಟ್ರೇ, ನಿಮ್ಮ ಮಗಳು ಹೇಳಿದ್ದು ಸರಿ. ಕಾನೂನು ಇದೆ, ಅದೂ ಸ್ಪಷ್ಟವಾಗಿಯೇ ಇದೆ. ಆದರೂ ಜನ ಹೊರಗೆ ಮಲಗುತ್ತಿರುವುದಕ್ಕೆ ದೊಡ್ಡ ಕಾರಣ ಊರಲ್ಲಿ ಜಾಗ ಇಲ್ಲ ಎಂಬುದಲ್ಲ. “ನನಗೆ ಆಶ್ರಯ ಬೇಕು” ಎಂದು ಒಬ್ಬ ಕೇಳಿದ ಗಳಿಗೆಗೂ, ಅವನು ಕೇಳಿದ್ದಾನೆ ಎಂದು ಸರ್ಕಾರ ಕಾಗದದಲ್ಲಿ ಬರೆದುಕೊಳ್ಳುವ ಗಳಿಗೆಗೂ ನಡುವೆ ಒಂದು ಸಂದು ಇದೆ. ಜನ ಬೀಳುವುದು ಆ ಸಂದಿಗೆ. ಇದು ಅರ್ಥವಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಊರು. ಟ್ರಿಯೆಸ್ತೆ ಸುಮಾರು ಎರಡು ಲಕ್ಷ ಜನರ ಊರು, ನಮ್ಮ ಶಿವಮೊಗ್ಗಕ್ಕಿಂತ ಚಿಕ್ಕದು. ಒಂದು ಕಡೆ ಸಮುದ್ರ, ಬೆನ್ನಿಗೆ ಕಾರ್ಸೋ ಎಂಬ ಸುಣ್ಣಕಲ್ಲಿನ ಗುಡ್ಡ. ಗುಡ್ಡದ ಆಚೆ ಸ್ಲೊವೇನಿಯಾ. ಊರಿಂದ ಗಡಿಗೆ ಕೆಲವೇ ಕಿಲೋಮೀಟರ್. ಚಳಿಗಾಲದಲ್ಲಿ ಬೋರಾ ಎಂಬ ಗಾಳಿ ಗುಡ್ಡದಿಂದ ಸಮುದ್ರಕ್ಕೆ ಇಳಿಯುತ್ತದೆ. ಗಂಟೆಗೆ ನೂರು ಕಿಲೋಮೀಟರ್ ದಾಟುವುದೂ ಉಂಟು. ಅಂಥ ಗಾಳಿಯಲ್ಲಿ ರಟ್ಟು ಹಾಸಿ ಮಲಗುವುದು ಹೇಗಿರುತ್ತದೆ ಎಂದು ನಿಮ್ಮ ಮಗಳು ಈಗಾಗಲೇ ನೋಡಿರುತ್ತಾಳೆ.

ಆ ಹುಡುಗರು ಬರುವ ದಾರಿಯನ್ನು ಬಾಲ್ಕನ್ ದಾರಿ ಅನ್ನುತ್ತಾರೆ. ಟರ್ಕಿ, ಅಲ್ಲಿಂದ ಬಲ್ಗೇರಿಯಾ ಅಥವಾ ಗ್ರೀಸ್, ಆಮೇಲೆ ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ. ಬಹಳಷ್ಟು ಕಡೆ ಕಾಲ್ನಡಿಗೆ, ಅದೂ ರಾತ್ರಿ ಹೊತ್ತು, ಕಾಡಿನಲ್ಲಿ. ಪೊಲೀಸರು ಹಿಡಿದು ಹಿಂದಕ್ಕೆ ಅಟ್ಟಿದರೆ ಮತ್ತೆ ಮೊದಲಿಂದ ಶುರು. ಗಡಿ ದಾಟುವ ಈ ಒಂದೊಂದು ಯತ್ನಕ್ಕೂ ಅವರೇ ಇಟ್ಟ ಹೆಸರು “ಗೇಮ್”. ಊರು ಮುಟ್ಟುವ ಹೊತ್ತಿಗೆ ಕಾಲು ಕಾಲಾಗಿ ಉಳಿದಿರುವುದಿಲ್ಲ. ಒದ್ದೆ ಶೂ ಒಳಗೆ ದಿನಗಟ್ಟಲೆ ನೆಂದು ಅಂಗಾಲಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಪದರ ಪದರವಾಗಿ ಎದ್ದಿರುತ್ತದೆ. ಗುಳ್ಳೆ ಒಡೆದ ಜಾಗಕ್ಕೆ ಸಾಕ್ಸ್ ಅಂಟಿಕೊಂಡಿರುತ್ತದೆ. ಸ್ಟೇಷನ್ ಎದುರಿನ ಲಿಬೆರ್ತಾ ಚೌಕದಲ್ಲಿ ಸಂಜೆ ಕೆಲವು ಸ್ವಯಂಸೇವಕರು ಬರುತ್ತಾರೆ. ಬೆಂಚಿನ ಮೇಲೆ ಅವರನ್ನು ಕೂರಿಸಿ, ನೀರು ಹಾಕಿ ಆ ಸಾಕ್ಸನ್ನು ನೆನೆಸಿ ಬಿಡಿಸುತ್ತಾರೆ. ಕಾಲು ತೊಳೆದು ಪಟ್ಟಿ ಕಟ್ಟಿ ಒಣ ಸಾಕ್ಸ್ ಹಾಕುತ್ತಾರೆ. ವರ್ಷಗಳಿಂದ ನಡೆದಿರುವ ಕೆಲಸ ಇದು. ಯಾವ ಇಲಾಖೆಯೂ ಹೇಳಿ ಮಾಡಿಸಿದ್ದಲ್ಲ.

ಈಗ ಕಾನೂನು. 1951ರ ಜಿನೀವಾ ಒಪ್ಪಂದದ ಪ್ರಕಾರ, ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಅಪಾಯ ಇರುವ ಜಾಗಕ್ಕೆ ಒಬ್ಬರನ್ನು ವಾಪಸ್ ದಬ್ಬುವಂತಿಲ್ಲ. ಅಪಾಯ ನಿಜವಾ ಸುಳ್ಳಾ ಎಂದು ತಿಳಿಯಬೇಕಾದರೆ ವಿಚಾರಿಸಬೇಕು. ವಿಚಾರಣೆಗೆ ತಿಂಗಳುಗಳು ಹಿಡಿಯುತ್ತವೆ, ಕೆಲವೊಮ್ಮೆ ವರ್ಷ. ಅಲ್ಲಿಯವರೆಗೆ ಆ ಮನುಷ್ಯ ಎಲ್ಲಾದರೂ ಇರಬೇಕಲ್ಲ, ಏನಾದರೂ ತಿನ್ನಬೇಕಲ್ಲ? ಹಾಗಾಗಿ ಯುರೋಪಿನ ಒಕ್ಕೂಟ ಈ ಕಾಯುವ ಕಾಲಕ್ಕೇ ಬೇರೆ ನಿಯಮ ಮಾಡಿತು. ವಸತಿ, ಊಟ, ಬಟ್ಟೆ, ವೈದ್ಯಕೀಯ ನೆರವು, ಮಕ್ಕಳಿಗೆ ಶಾಲೆ. ಇಟಲಿ ಅದನ್ನು 2015ರಲ್ಲಿ ತನ್ನ 142ನೇ ಕಾನೂನಾಗಿ ತಂದುಕೊಂಡಿತು. ಅದರಲ್ಲಿ ಒಂದು ಮಾತು ಬಹಳ ಮುಖ್ಯ: ಆಶ್ರಯ ಬೇಕು ಎಂಬ ಇಚ್ಛೆಯನ್ನು ತಿಳಿಸಿದ ಗಳಿಗೆಯಿಂದಲೇ ಈ ಸೌಲಭ್ಯ ಶುರುವಾಗಬೇಕು. ಫಾರ್ಮ್ ತುಂಬಿದ ಮೇಲೆ ಅಂತಲ್ಲ, ತೀರ್ಪು ಬಂದ ಮೇಲೆ ಅಂತಂತೂ ಅಲ್ಲವೇ ಅಲ್ಲ.

ಕಾಗದದ ಮೇಲೆ ಚೆನ್ನಾಗಿದೆ. ಊರಲ್ಲಿ ಆಗುವುದು ಬೇರೆ. ಹುಡುಗ ಕ್ವೆಸ್ತುರಾಕ್ಕೆ ಹೋಗಬೇಕು. ಅಂದರೆ ಜಿಲ್ಲಾ ಪೊಲೀಸ್ ಕಚೇರಿ. ಬೆಳಗಿನ ಜಾವವೇ ಸಾಲು. ಒಳಗೆ ಬಿಡುವುದು ಇಷ್ಟೇ ಜನರನ್ನು. ಉಳಿದವರಿಗೆ “ನಾಳೆ ಬಾ”. ಬಾಗಿಲ ಹೊರಗೆ ನಿಂತು ಆಶ್ರಯ ಬೇಕು ಎಂದದ್ದಕ್ಕೆ ಸಾಕ್ಷಿ ಇಲ್ಲ. ಒಳಗೆ ಹೋಗಿ ಫೋಟೋ, ಬೆರಳಚ್ಚು ಆಗಿ ಕೈಗೆ ಒಂದು ಚೀಟಿ ಬಂದ ಮೇಲೆಯೇ ಅವನು ಲೆಕ್ಕಕ್ಕೆ ಸಿಗುತ್ತಾನೆ. ಯುರೋಪಿನ 2013ರ ನಿಯಮದಲ್ಲಿ ಈ ನೋಂದಣಿಗೆ ಇಟ್ಟ ಗಡುವು 3 ಕೆಲಸದ ದಿನ. ತುಂಬಾ ಜನ ಒಟ್ಟಿಗೆ ಬಂದಾಗ 10 ಕೆಲಸದ ದಿನದವರೆಗೆ ಹೋಗಬಹುದಿತ್ತು. ಆದರೆ ಬಾಗಿಲು ದಾಟದವನಿಗೆ ಗಡುವು ಎಣಿಸುವುದು ಎಲ್ಲಿಂದ?

ಬಾಗಿಲು ದಾಟಿದರೂ ಮುಗಿಯಲಿಲ್ಲ. ಗಡಿ ಊರಿನ ಶಿಬಿರ ತಂಗುದಾಣ ಮಾತ್ರ. ಅಲ್ಲಿಂದ ಜನರನ್ನು ಬಸ್ಸಿನಲ್ಲಿ ಬೇರೆ ಪ್ರಾಂತ್ಯಗಳಿಗೆ ಹಂಚಬೇಕು. ಬಸ್ಸು ಸರಿಯಾಗಿ ಹೊರಟರೆ ಹಾಸಿಗೆ ಖಾಲಿಯಾಗುತ್ತದೆ, ಹೊಸಬರು ಒಳಗೆ ಬರುತ್ತಾರೆ. ಬಸ್ಸು ತಡವಾದರೆ ಎಲ್ಲವೂ ಹಿಂದಕ್ಕೆ ಕಟ್ಟಿಕೊಂಡು ಕೊನೆಗೆ ಸ್ಟೇಷನ್ ಚೌಕದಲ್ಲಿ ಕಾಣಿಸುತ್ತದೆ. ದಾರಿಹೋಕರಿಗೆ ಚೌಕ ಕಾಣುತ್ತದೆ, ಹೊರಡದ ಬಸ್ಸು ಕಾಣುವುದಿಲ್ಲ. “ಎಷ್ಟೊಂದು ಜನ ಬಂದುಬಿಟ್ಟರು” ಎಂಬ ಮಾತು ಅಲ್ಲೇ ಹುಟ್ಟುತ್ತದೆ.

ಸುಮ್ನೆ ಹೇಳುತ್ತಿಲ್ಲ. ಇದೇ ಊರು ಇದನ್ನು ಚೆನ್ನಾಗಿ ಮಾಡಿ ತೋರಿಸಿದೆ. 1990ರ ದಶಕದ ಕೊನೆಯಿಂದ ನಿರಾಶ್ರಿತರ ಪರ ಕೆಲಸ ಮಾಡುವ ಐಸಿಎಸ್ ಎಂಬ ಒಕ್ಕೂಟ ಮತ್ತು ಕ್ಯಾಥೊಲಿಕ್ ಚರ್ಚಿನ ಕ್ಯಾರಿಟಾಸ್ ಸಂಸ್ಥೆ ಇಲ್ಲಿ ಒಂದು ಪದ್ಧತಿ ಬೆಳೆಸಿದವು. ದೊಡ್ಡ ಶಿಬಿರ ಕಟ್ಟುವ ಬದಲು ಊರೊಳಗೆ ಸಾಮಾನ್ಯ ಬಾಡಿಗೆ ಮನೆಗಳನ್ನು ಹಿಡಿದು, ಒಂದೊಂದರಲ್ಲಿ ನಾಲ್ಕಾರು ಜನರನ್ನು ಇಡುವುದು. ಅವರೇ ಅಡುಗೆ ಮಾಡಿಕೊಳ್ಳುತ್ತಾರೆ, ಅಂಗಡಿಗೆ ಹೋಗುತ್ತಾರೆ, ಇಟಾಲಿಯನ್ ಕಲಿಯುತ್ತಾರೆ. ಅಕ್ಕಪಕ್ಕದವರಿಗೆ ಅವರು ಬಾಡಿಗೆಯವರು ಅಷ್ಟೇ. ನನ್ನ ಅಭಿಪ್ರಾಯ ಕೇಳಿದರೆ, ಗಡಿ ಊರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಐನೂರು ಜನರನ್ನು ಒಂದೇ ಬೇಲಿಯೊಳಗೆ ಹಾಕಿದರೆ ಊರಿಗೆ ಭಯ, ಅವರಿಗೆ ಜೈಲು. ಆದರೆ 2018ರಲ್ಲಿ, ಮತ್ತೆ 2023ರಲ್ಲಿ, ಇಟಲಿಯ ಕಾನೂನು ತಿದ್ದುಪಡಿಯಾಯಿತು. ಇನ್ನೂ ತೀರ್ಪು ಬಾರದವರಿಗೆ ಇಂಥ ಸ್ಥಳೀಯ ಮನೆಗಳ ವ್ಯವಸ್ಥೆಯ ಬಾಗಿಲು ಕಿರಿದಾಯಿತು. ಅವರು ತುರ್ತು ಕೇಂದ್ರಗಳಿಗೇ ಹೋಗಬೇಕು. ಅಲ್ಲಿ ಕೈಖರ್ಚಿಗೆ ಸಿಗುವುದು ದಿನಕ್ಕೆ ಎರಡೂವರೆ ಯೂರೋ.

“ಜಾಗ ಇಲ್ಲ, ಏನು ಮಾಡೋಣ” ಎಂದು ಸರ್ಕಾರ ಕೈ ಚೆಲ್ಲಬಹುದಾ? ಆಗುವುದಿಲ್ಲ. ಇದರ ಬಗ್ಗೆ ಯುರೋಪಿನ ಒಕ್ಕೂಟದ ನ್ಯಾಯಾಲಯ 2025ರ ಆಗಸ್ಟ್ 1ರಂದು ಒಂದು ತೀರ್ಪು ಕೊಟ್ಟಿದೆ. ಪ್ರಕರಣ ಐರ್ಲೆಂಡಿನದು. ಅರ್ಜಿದಾರರು ಇಬ್ಬರು. ಒಬ್ಬ ಅಫ್ಘಾನಿಸ್ತಾನದವನು, ಇನ್ನೊಬ್ಬ ನಮ್ಮ ಭಾರತದವನೇ. ವಸತಿ ಖಾಲಿ ಇಲ್ಲ ಎಂದು ಇಬ್ಬರಿಗೂ 25 ಯೂರೋ ಕೂಪನ್ ಕೈಗಿತ್ತು ಕಳಿಸಿದ್ದರು. ಇಬ್ಬರೂ ವಾರಗಟ್ಟಲೆ ಬೀದಿಯಲ್ಲಿ ಮಲಗಿದರು. ಉಕ್ರೇನಿನಿಂದ ಏಕಾಏಕಿ ಜನ ಬಂದರು, ನಮ್ಮ ಕೈಮೀರಿತ್ತು ಎಂದು ಸರ್ಕಾರ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಜಾಗ ತುಂಬಿದರೆ ಬೇರೆ ರೂಪದಲ್ಲಾದರೂ, ಬಾಡಿಗೆಗೆ ಹಣವಾಗಿಯಾದರೂ ಕೊಡಬೇಕು, ಮನುಷ್ಯನ ಮೂಲ ಅಗತ್ಯ ನಿಲ್ಲಿಸುವಂತಿಲ್ಲ ಎಂದಿತು. ಯಾರದೋ ಕತೆ ಎಂದುಕೊಂಡು ಓದುವ ನಮ್ಮವರಿಗೆ ಆ ಇಬ್ಬರಲ್ಲಿ ಒಬ್ಬ ಭಾರತದವನು ಎಂಬುದು ನೆನಪಿರಲಿ.

ಅಷ್ಟು ದೇಶ ದಾಟಿ ಯಾಕೆ ಬರುತ್ತಾರೆ ಎಂದಿರಿ. ಹೆಚ್ಚಿನವರು ಬರುವುದೇ ಇಲ್ಲ ಮೇಷ್ಟ್ರೇ. ಜಗತ್ತಿನ ನಿರಾಶ್ರಿತರಲ್ಲಿ ಸುಮಾರು ಮೂರನೇ ಎರಡು ಭಾಗ ಪಕ್ಕದ ದೇಶದಲ್ಲೇ ಇದ್ದಾರೆ. ಅಫ್ಘಾನಿಸ್ತಾನದವರು ಇರಾನ್, ಪಾಕಿಸ್ತಾನದಲ್ಲಿ ಲಕ್ಷಗಟ್ಟಲೆ ಇದ್ದಾರೆ, ಈಗ ಅಲ್ಲಿಂದಲೂ ಅವರನ್ನು ಹೊರಹಾಕುತ್ತಿದ್ದಾರೆ. ಟ್ರಿಯೆಸ್ತೆ ಮುಟ್ಟುವುದು ಅದರಲ್ಲಿ ಒಂದು ಸಣ್ಣ ಎಳೆ. ಅವರಲ್ಲೂ ತುಂಬಾ ಜನ ಅಲ್ಲಿ ನಿಲ್ಲುವುದಿಲ್ಲ. ಅಣ್ಣನೋ ಚಿಕ್ಕಪ್ಪನೋ ಇರುವ ಜರ್ಮನಿಗೆ, ಫ್ರಾನ್ಸಿಗೆ ರೈಲು ಹತ್ತುತ್ತಾರೆ. ಸಾಮಾನ್ಯವಾಗಿ ಮೊದಲು ಕಾಲಿಟ್ಟ ದೇಶದಲ್ಲೇ ಅರ್ಜಿ ವಿಚಾರಣೆ ಆಗಬೇಕು ಎಂಬ ನಿಯಮ ಯುರೋಪಿನಲ್ಲಿದೆ. ಡಬ್ಲಿನ್ ನಿಯಮ ಅನ್ನುತ್ತಾರೆ. ಬೆರಳಚ್ಚಿನ ದಾಖಲೆಯಿಂದ ಪತ್ತೆ ಹಚ್ಚುತ್ತಾರೆ. ಅದಕ್ಕೇ ಕೆಲವರು ಬೆರಳಚ್ಚು ಕೊಡಲು ಹೆದರುವುದು. ಆದರೆ ಮೊದಲ ದೇಶ ಅರ್ಜಿಯನ್ನೇ ತೆಗೆದುಕೊಳ್ಳದೆ ಕಾಡಿಗೆ ಅಟ್ಟಿದ್ದರೆ? ಇಟಲಿಯೂ 2020ರಲ್ಲಿ ಹೀಗೆ ಮಾಡಿತ್ತು. ಟ್ರಿಯೆಸ್ತೆ ಗಡಿಯಲ್ಲಿ ಸಿಕ್ಕವರನ್ನು ಕಾಗದ ಪತ್ರ ಇಲ್ಲದೆ ಸ್ಲೊವೇನಿಯಾಕ್ಕೆ ಒಪ್ಪಿಸಿತು. ಅವರನ್ನು ಕೈಯಿಂದ ಕೈಗೆ ದಾಟಿಸಿ ಬೋಸ್ನಿಯಾಕ್ಕೆ ಬಿಟ್ಟರು. 2021ರ ಜನವರಿಯಲ್ಲಿ ರೋಮ್ ನ್ಯಾಯಾಲಯ ಇದು ಕಾನೂನುಬಾಹಿರ ಎಂದಿತು. 2024ರಲ್ಲಿ ಯುರೋಪು ಹೊಸ ನಿಯಮಗಳನ್ನು ಒಪ್ಪಿದೆ. ಅವು ಅನ್ವಯಿಸುವ ದಿನ 2026ರ ಜೂನ್ 12. ಗಡಿಯಲ್ಲಿ ತಪಾಸಣೆ ಇನ್ನೂ ಬಿಗಿ. ಕೆಲಸ ಮಾಡುವ ಅವಕಾಶ ಮಾತ್ರ 9 ತಿಂಗಳ ಬದಲು 6 ತಿಂಗಳೊಳಗೆ ಸಿಗಬೇಕು. ಇಟಲಿ ಇದರಲ್ಲಿ ಮುಂಚೆಯೇ ಮುಂದಿತ್ತು. ಅಲ್ಲಿ ಅರ್ಜಿ ಹಾಕಿದ 60 ದಿನಕ್ಕೆ ಕೆಲಸ ಹುಡುಕಬಹುದು.

ಇನ್ನು ನಿಮ್ಮ ಪಕ್ಕದ ಮನೆಯವರ ಮಾತು. ಅವರ ನೋವು ನ್ಯಾಯವಾದದ್ದು. ಅದನ್ನು ಬದಿಗೆ ಸರಿಸಿ ನಾನು ಯಾವ ಉತ್ತರವನ್ನೂ ಕೊಡಲಾರೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಕರೆಂಟು ಬಂತು. ಸಾಗರ, ಹೊಸನಗರ ಕಡೆಯ ಊರುಗಳು ನೀರಿಗೆ ಹೋದವು. ಅಲ್ಲಿನ ಜನರನ್ನು ಲಾರಿಯಲ್ಲಿ ತಂದು ಕಾಡಿನ ಜಾಗದಲ್ಲಿ ಇಳಿಸಿ, ಇದೇ ನಿಮ್ಮ ಭೂಮಿ ಎಂದರು. ಭೂಮಿ ಅರಣ್ಯ ಇಲಾಖೆಯ ಲೆಕ್ಕದಲ್ಲೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಬಿಡಿಸುವಂತಿಲ್ಲ. ಹೀಗೆ ಮೂರನೇ ತಲೆಮಾರು ಉಳುತ್ತಿದೆ, ಪಹಣಿಯಲ್ಲಿ ಹೆಸರಿಲ್ಲ. ಸಾಲ ಸಿಗುವುದಿಲ್ಲ, ಒಕ್ಕಲೆಬ್ಬಿಸುವ ಹೆದರಿಕೆ ಹೋಗುವುದಿಲ್ಲ.

ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ. ಮುಳುಗಡೆಯವರು ಈ ದೇಶದ ಪ್ರಜೆಗಳು. ಕೇಳಬೇಕಾದದ್ದು ತಮ್ಮದೇ ಸರ್ಕಾರವನ್ನು. ಕೇಳಲು ಶಾಸಕರಿದ್ದಾರೆ, ಕೋರ್ಟಿದೆ, ಓಟಿದೆ. ಅಫ್ಘಾನ್ ಹುಡುಗನಿಗೆ ಹೆದರಿಕೆಯೇ ತನ್ನ ಸರ್ಕಾರದ್ದು, ಅವನಿಗೆ ಕೇಳಲು ಯಾರೂ ಇಲ್ಲ. ಆ ಜಾಗವನ್ನು ತುಂಬಲೆಂದೇ 1951ರ ಒಪ್ಪಂದ ಬಂದದ್ದು. ಆದರೆ ನಿಮ್ಮ ನೆರೆಯವರಿಗೆ ಇನ್ನೊಂದು ಮಾತೂ ಹೇಳಿ. ಟ್ರಿಯೆಸ್ತೆ ಸ್ಟೇಷನ್ ಪಕ್ಕದಲ್ಲಿ ಸಿಲೋಸ್ ಎಂಬ ದೊಡ್ಡ ಹಳೆಯ ಕಟ್ಟಡ ಇದೆ. ಆಸ್ಟ್ರಿಯಾ ಚಕ್ರವರ್ತಿಗಳ ಕಾಲದ ಧಾನ್ಯದ ಗೋದಾಮು. ಎರಡನೇ ಮಹಾಯುದ್ಧದ ನಂತರ ಇಸ್ಟ್ರಿಯಾ, ದಾಲ್ಮೇಷಿಯಾ ಪ್ರದೇಶ ಯುಗೊಸ್ಲಾವಿಯಾದ ಪಾಲಾಯಿತು. ಅಲ್ಲಿಂದ ಎರಡೂವರೆಯಿಂದ ಮೂರೂವರೆ ಲಕ್ಷ ಜನ ಹೊರಟು ಬಂದರು ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಹೆಚ್ಚಿನವರು ಇಟಾಲಿಯನ್ನರೇ, ಬಂದದ್ದು ತಮ್ಮದೇ ದೇಶಕ್ಕೆ. ಅವರಲ್ಲಿ ಎಷ್ಟೋ ಕುಟುಂಬಗಳನ್ನು ಈ ಸಿಲೋಸಿನಲ್ಲಿ ಇಳಿಸಿದರು. ಹಲಗೆ, ಕಾಗದ, ಬಟ್ಟೆ ಅಡ್ಡ ಕಟ್ಟಿ ಒಂದೊಂದು ಸಂಸಾರಕ್ಕೆ ಒಂದೊಂದು ಗೂಡು. ಕಿಟಕಿ ಇಲ್ಲ, ಪಕ್ಕದವರ ಕೆಮ್ಮು ಕೇಳುತ್ತದೆ. ಇನ್ನೇನು ಮನೆ ಸಿಗುತ್ತದೆ ಎಂದು ವರ್ಷಗಟ್ಟಲೆ ಕಾದರು. ಅಲ್ಲೇ ಮಕ್ಕಳು ದೊಡ್ಡವರಾದರು. ಅದೇ ಗೋದಾಮು ಪಾಳು ಬಿದ್ದ ಮೇಲೆ ಅಫ್ಘಾನ್ ಹುಡುಗರು ಅಲ್ಲಿ ಡೇರೆ ಹಾಕಿ ಮಲಗಿದರು. ಕೆಸರು, ಇಲಿ, ಸೋರುವ ಮಾಡು. 2024ರ ಜೂನ್ 21ರಂದು ಪೊಲೀಸರು ಅದನ್ನು ಖಾಲಿ ಮಾಡಿಸಿ ಜನರನ್ನು ಬಸ್ಸಿನಲ್ಲಿ ಬೇರೆ ಪ್ರಾಂತ್ಯಕ್ಕೆ ಕಳಿಸಿದರು. ಅಂದರೆ ಬೇಕು ಎಂದಾಗ ಬಸ್ಸು ಹೊರಡುತ್ತದೆ, ಹಾಸಿಗೆ ಸಿಗುತ್ತದೆ! ಆಮೇಲೆ ಬಂದವರು ಹಳೆ ಬಂದರಿನ ಖಾಲಿ ಗೋದಾಮುಗಳನ್ನು ಹುಡುಕಿಕೊಂಡರು.

ಸ್ವಂತ ಪ್ರಜೆಯೇ ಆಗಲಿ, ಹೊರಗಿನವನೇ ಆಗಲಿ, ಕಾಯಿಸುವ ರೀತಿ ಹೀಗೆ ಒಂದೇ ಥರ ಇರುತ್ತದೆ. ಟ್ರಿಯೆಸ್ತೆಯ ಹುಡುಗನನ್ನು ಹೊರಗೆ ಮಲಗಿಸಿದರೆ ಹೊಸನಗರದ ಒಂದು ಪಹಣಿಯೂ ತಿದ್ದುಪಡಿ ಆಗುವುದಿಲ್ಲ. ಮುಳುಗಡೆಯವರ ಹೋರಾಟದಲ್ಲಿ ನಾನು ಮನಸಾರೆ ಅವರ ಜೊತೆಗಿದ್ದೇನೆ. ಅದೇ ಮನಸ್ಸಿನಿಂದ ಇದನ್ನೂ ಹೇಳುತ್ತಿದ್ದೇನೆ.

ನಮ್ಮ ನಾಡಿಗೂ ಈ ವಿಷಯ ಹೊಸದಲ್ಲ. ಸೊರಬ, ಶಿರಸಿ ದಾಟಿ ಮುಂಡಗೋಡಿಗೆ ಹೋದರೆ ಟಿಬೆಟಿನವರ ಕ್ಯಾಂಪುಗಳಿವೆ, 1966ರಿಂದ. ಅದಕ್ಕೂ ಮುಂಚೆ ಬೈಲಕುಪ್ಪೆ. ಆಗಿನ ಮೈಸೂರು ಸರ್ಕಾರ ಭೂಮಿ ಕೊಟ್ಟಿತು. ಜನ ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಶಾಲೆ ಆಯಿತು, ಆಸ್ಪತ್ರೆ ಆಯಿತು. ಬಂದವರಿಗೆ ಭೂಮಿ, ಕೆಲಸ, ಶಾಲೆ ಬೇಗ ಕೊಟ್ಟರೆ ಅವರು ಊರಿಗೆ ಭಾರ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅದು ನಡೆದದ್ದು ಸರ್ಕಾರದ ಆದೇಶದಿಂದ, ಕಾನೂನಿನಿಂದಲ್ಲ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ನಮ್ಮಲ್ಲಿ ಬೇರೆ ಕಾಯ್ದೆ ಇಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಅದರಲ್ಲೂ ಆಶ್ರಯ ಕೋರಿ ಬಂದವರ ವಿಚಾರಣೆಗೆ ಪದ್ಧತಿ ಇಲ್ಲ. ಹಾಗಾಗಿ ಟಿಬೆಟಿನವರಿಗೆ ಒಂದು ನ್ಯಾಯ, ಶ್ರೀಲಂಕಾ ತಮಿಳರಿಗೆ ಒಂದು, ರೋಹಿಂಗ್ಯಾಗಳಿಗೆ ಇನ್ನೊಂದು. ಮುಂಡಗೋಡಿನಲ್ಲಿ ಹುಟ್ಟಿ ನಮ್ಮಂತೆಯೇ ಕನ್ನಡ ಮಾತಾಡುವ ಎಷ್ಟೋ ಟಿಬೆಟಿಯನ್ ಯುವಕರು ಇವತ್ತಿಗೂ ನೋಂದಣಿ ಪತ್ರ ನವೀಕರಿಸಿಕೊಳ್ಳುತ್ತಲೇ ಇದ್ದಾರೆ.

ಈಗ ಮಗಳ ವಿಷಯ. ಅವಳು ಹೋಗಬಹುದು. ಇಟಲಿಯ ವಲಸೆ ಕಾನೂನಿನ 12ನೇ ಕಲಂ ಅಕ್ರಮ ಪ್ರವೇಶಕ್ಕೆ ನೆರವಾಗುವುದನ್ನು ಅಪರಾಧ ಎನ್ನುತ್ತದೆ. ಅದೇ ಕಲಮಿನ ಎರಡನೇ ಭಾಗ, ಇಟಲಿಯ ಒಳಗೆ ಕಷ್ಟದಲ್ಲಿರುವ ವಿದೇಶಿಯರಿಗೆ ಮಾನವೀಯ ನೆರವು ಕೊಡುವುದು ಅಪರಾಧವಲ್ಲ ಎಂದು ಬಿಡಿಸಿ ಹೇಳುತ್ತದೆ. ಊಟ, ಬಟ್ಟೆ, ಔಷಧಿ, ಭಾಷಾಂತರ ಎಲ್ಲ ಸರಿ. ಯಾರನ್ನೂ ಕಾರಿನಲ್ಲಿ ಗಡಿ ದಾಟಿಸಬಾರದು. ಮುಂದಿನ ದೇಶಕ್ಕೆ ಟಿಕೆಟ್ ಮಾಡಿಸಿಕೊಡಬಾರದು. ತನ್ನ ರೂಮಿನಲ್ಲಿ ಮಲಗಿಸುವುದೂ ಬೇಡ. ವಿದೇಶಿಯರನ್ನು ಮನೆಯಲ್ಲಿಟ್ಟುಕೊಂಡರೆ 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕೆಂಬ ನಿಯಮ ಇದೆ. 2021ರಲ್ಲಿ ಅದೇ ಚೌಕದ ಸ್ವಯಂಸೇವಕರ ಮನೆಯನ್ನೇ ಪೊಲೀಸರು ಶೋಧಿಸಿದ್ದರು. ಪ್ರಕರಣದಲ್ಲಿ ಹುರುಳಿಲ್ಲ ಎಂದು ಮುಚ್ಚಿದರು, ನಿಜ. ಆದರೂ ವೀಸಾದ ಮೇಲಿರುವವಳು ಒಬ್ಬಳೇ ಹೋಗುವುದಕ್ಕಿಂತ ನೋಂದಾಯಿತ ಸಂಸ್ಥೆಯ ಜೊತೆ ಹೋಗುವುದು ಕ್ಷೇಮ.

ಸಾಕ್ಸ್, ಕಂಬಳಿ ಬೇರೆಯವರೂ ತರುತ್ತಾರೆ. ಅವಳ ಹತ್ತಿರ ಅದಕ್ಕಿಂತ ಬೆಲೆಯುಳ್ಳದ್ದು ಇದೆ. ಅವಳಿಗೆ ಹಿಂದಿ ಬರುತ್ತದೆ ಅಲ್ವಾ? ಪಾಕಿಸ್ತಾನದವರ ಜೊತೆ ಮಾತಾಡಲು ಅದು ಸಾಕು, ಅಫ್ಘಾನ್ ಹುಡುಗರಲ್ಲೂ ಕೆಲವರಿಗೆ ಉರ್ದು ಬರುತ್ತದೆ. ಇಂಥವರು ಆ ಊರಲ್ಲಿ ಕಡಿಮೆ. ಆದರೆ ಒಂದು ಎಚ್ಚರ. ದಿನಾಂಕಗಳ ಗೊಂದಲದಿಂದಲೂ ಅರ್ಜಿ ತಿರಸ್ಕಾರವಾಗುವುದುಂಟು. ಅಫ್ಘಾನಿಸ್ತಾನದ ಪಂಚಾಂಗವೇ ಬೇರೆ. ಅವರ 1403ನೇ ವರ್ಷ ಅಂದರೆ ನಮ್ಮ 2024ರ ಮಾರ್ಚಿನಿಂದ 2025ರ ಮಾರ್ಚ್. ಎಷ್ಟೋ ಜನರಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ. ಅಧಿಕಾರಿ ಜನವರಿ 1 ಎಂದು ಬರೆದುಬಿಡುತ್ತಾರೆ. ನೀವು ಮೇಷ್ಟ್ರು, ನಿಮಗೆ ಹೇಳಬೇಕಾ? ನಮ್ಮ ಶಾಲೆಗಳಲ್ಲಿ ಅರ್ಧ ಊರಿಗೆ ಜೂನ್ 1 ಜನ್ಮದಿನ ಆದದ್ದು ಹೀಗೇ ತಾನೆ. ಹಾಗಾಗಿ ಅವಳು ಊಹಿಸಿ ಹೇಳಬಾರದು, ಕತೆಯನ್ನು ತಿದ್ದಿ ಚೆಂದ ಮಾಡಲೂಬಾರದು. ಗೊತ್ತಿಲ್ಲ ಎಂದರೆ ಗೊತ್ತಿಲ್ಲ ಎಂದೇ ದಾಟಿಸಬೇಕು. ಮೊದಲ ದಿನ ಹೇಳಿದ್ದಕ್ಕೂ ಆರು ತಿಂಗಳ ನಂತರ ಹೇಳಿದ್ದಕ್ಕೂ ತಾಳೆ ನೋಡುತ್ತಾರೆ.

ಯಾರ ಫೋಟೋವನ್ನೂ ತೆಗೆಯಬಾರದು, ಫೇಸ್‌ಬುಕ್ಕಿಗೆ ಹಾಕಬಾರದು. ಊರಲ್ಲಿ ಉಳಿದ ಮನೆಯವರಿಗೆ ಅಪಾಯ. ಹೊಸಬರು ಸಿಕ್ಕಿದರೆ ಸ್ಟೇಷನ್ ಹತ್ತಿರದ ಹಗಲು ಕೇಂದ್ರಕ್ಕೆ ದಾರಿ ತೋರಿಸಲಿ. ಕ್ವೆಸ್ತುರಾಕ್ಕೆ ಹೋಗಿ “ನಾಳೆ ಬಾ” ಅನ್ನಿಸಿಕೊಂಡು ಬಂದವರಿಗೆ, ಹೋದ ತಾರೀಖು, ಹೊತ್ತು ಬರೆದಿಟ್ಟುಕೊಳ್ಳಲು ಹೇಳಲಿ. ವಕೀಲರಿಗೆ ಆಮೇಲೆ ಅದೇ ಆಧಾರ. ಇನ್ನು ಯಾರಾದರೂ ತನಗೆ ಹದಿನೆಂಟು ತುಂಬಿಲ್ಲ, ಜೊತೆಗೆ ಮನೆಯವರು ಯಾರೂ ಇಲ್ಲ ಎಂದರೆ ಸಂಸ್ಥೆಯವರಿಗೆ ಅವತ್ತೇ ರಾತ್ರಿ ತಿಳಿಸಬೇಕು, ಬೆಳಗಾಗಲಿ ಎಂದು ಕಾಯಬಾರದು. ಇಟಲಿಯ 2017ರ 47ನೇ ಕಾನೂನಿನ ಪ್ರಕಾರ ಅಂಥ ಮಕ್ಕಳನ್ನು ಗಡಿಯಿಂದ ವಾಪಸ್ ಕಳಿಸುವಂತಿಲ್ಲ. ಅವರಿಗೆ ಬೇರೆಯೇ ವಸತಿ, ಒಬ್ಬ ಪಾಲಕರು ಸಿಗಬೇಕು.